ಬೀಳು ಎಂದು ಬರೆದದ್ದು

ಆಗ ನನಗೆ ಐವತ್ತಮೂರು. ಈಗ ಎಪ್ಪತ್ತೊಂದು. ಹದಿನೆಂಟು ವರ್ಷದ ಹಿಂದಿನ ಮಾತು. ಕೆರೆ ಕೆಳಗಿನ ಮುಕ್ಕಾಲು ಎಕರೆ ಗದ್ದೆಯನ್ನು ನಾನು ಒಂದು ಪದ ಬರೆದು ಕಳೆದೆ. ಮಾರಿದ್ದಲ್ಲ, ಹೊಡೆದು ಬಡಿದು ಯಾರೂ ಕಿತ್ತುಕೊಂಡದ್ದೂ ಅಲ್ಲ. ಬರೆದೆ, ಹೋಯಿತು. ಆ ಪದ ಬೀಳು.

ನಮ್ಮದು ಸೋಲೂರಿನಿಂದ ಒಳಕ್ಕೆ ಇರುವ ಊರು. ಹೊಲ ಮೇಲೆ, ಗದ್ದೆ ಕೆಳಗೆ. ಹೊಲದಲ್ಲಿ ರಾಗಿ, ಅವರೆ. ಕೆರೆ ತುಂಬಿದ ವರ್ಷ ಗದ್ದೆಯಲ್ಲಿ ಭತ್ತ. ನಮ್ಮ ಮನೆಗೆ ಅನ್ನದ ಭೂಮಿ ಎಂದು ಇದ್ದದ್ದು ಅದೊಂದೇ. ಅದರ ಪಕ್ಕದ್ದು ನನ್ನ ಮೈದುನನದು. ನಡುವೆ ಒಂದು ಬದು, ಅಷ್ಟೇ.

ಭತ್ತ ಕೊಯ್ದು ಕಣ ಮುಗಿದ ಮೇಲೆ ಗದ್ದೆಯನ್ನು ಸುಮ್ಮನೆ ಬಿಡುವುದಕ್ಕೆ ನಮ್ಮ ಕಡೆ ಬೀಳು ಬಿಡುವುದು ಅನ್ನುತ್ತೇವೆ. ಬಾಣಂತಿಯನ್ನು ಮಲಗಿಸುವ ಹಾಗೆ. ಬಾಣಂತಿ ಮಲಗಿದ್ದಾಳೆ ಎಂದರೆ ಆ ಮನೆಯಲ್ಲಿ ಹೆಂಗಸೇ ಇಲ್ಲ ಎಂದು ಅರ್ಥವಲ್ಲ.

ಸುಮ್ಮನೆ ಬಿಟ್ಟ ಗದ್ದೆ ಸುಮ್ಮನೆ ಇರುವುದಿಲ್ಲ. ಮೊದಲು ಕೂಳೆಯೇ ಚಿಗುರುತ್ತದೆ. ಕೊಯ್ದ ಬುಡದಿಂದ ಹಸಿರು ಗರಿ ಒಂದು ಗೇಣು ಎದ್ದು, ತೆನೆ ಬಿಡುವ ಶಕ್ತಿಯಿಲ್ಲದೆ ನಿಲ್ಲುತ್ತದೆ. ಅದರ ಸಂದಿಯಲ್ಲಿ ಜೇಕು. ತೂಬಿನ ಹತ್ತಿರದ ಜೌಗು ಮೂಲೆಯಲ್ಲಿ ಒಂದೆಲಗ. ಬದುವಿನಿಂದ ಇಳಿದು ಹರಿದುಕೊಂಡು ಬರುವ ಹೊನಗೊನ್ನೆ. ಕಿವುಚಿದರೆ ಕೈ ಕಪ್ಪಾಗುವ ಗರುಗ. ನೆಲ ಒಣಗುತ್ತ ಬಂದ ಹಾಗೆ ಗೋಣಿಸೊಪ್ಪು, ನೆಲನೆಲ್ಲಿ. ಕೊನೆಗೆ ನೇರಳೆ ಬಣ್ಣದ ಗುಂಡು ಹೂವಿನ ಒಂದು ಗಿಡ ಬರುತ್ತದೆ. ಘಾಟು ವಾಸನೆ, ಕುರಿಯೂ ಮುಟ್ಟುವುದಿಲ್ಲ. ಅದಕ್ಕೆ ನಮ್ಮೂರಿನಲ್ಲಿ ಹೆಸರಿಲ್ಲ. ಬಾಯಿಗೆ ಹಾಕಿಕೊಳ್ಳುವುದಕ್ಕೆ ಮಾತ್ರ ನಾವು ಹೆಸರಿಡುವುದು, ಉಳಿದದ್ದೆಲ್ಲ ಕಳೆ. ಇವೆಲ್ಲ ಒಟ್ಟಿಗೆ ಬರುವುದಿಲ್ಲ. ಮದುವೆ ಮನೆಯ ಪಂಕ್ತಿಯ ಹಾಗೆ, ಒಂದು ಎದ್ದ ಮೇಲೆ ಇನ್ನೊಂದು ಬಂದು ಕೂರುತ್ತದೆ.

ಪೈರು ನಿಂತಾಗ ಇವನ್ನೇ ಸೊಂಟ ಬಗ್ಗಿಸಿ ಕಿತ್ತು ಬದುವಿಗೆ ಎಸೆಯುತ್ತೇವೆ. ಕೊಯ್ಲಾದ ಮೇಲೆ ಇವನ್ನೇ ಹುಡುಕಿಕೊಂಡು ಹೋಗಿ ಮಡಿಲಿಗೆ ತುಂಬಿಕೊಳ್ಳುತ್ತೇವೆ. ಐದಾರು ಥರದ್ದು ಸೇರಿದರೆ ಬೆರಕೆ ಸೊಪ್ಪು. ಅವರೆಕಾಳು ಹಾಕಿ ಬೇಯಿಸಿದರೆ ಮುದ್ದೆಗೆ ಬೇರೆ ಏನೂ ಬೇಡ. ಬೀಳು ಬಿಟ್ಟ ಗದ್ದೆಗೆ ಒಡೆಯನಿಲ್ಲ, ಯಾರ ಮನೆಯ ಹೆಂಗಸು ಬೇಕಾದರೂ ಇಳಿದು ಸೊಪ್ಪು ಕೀಳಬಹುದು. ಮತ್ತೆ ನೇಗಿಲು ಇಳಿದ ದಿನದಿಂದ ಗದ್ದೆ ಅವರವರದು.

ಆ ವರ್ಷ ಕೊಯ್ಲು ಮುಗಿದಾಗ ನಮ್ಮ ಮನೆಯವರು ಹೇಳಿದರು, "ಹೆಸರುಕಾಳು ಎರಚ್ಬುಡನ ಕಣಮ್ಮಿ. ನೆಲದಲ್ಲಿ ಇನ್ನೂ ಒಸಿ ಹಸಿ ಐತೆ."

"ಕಾಳು ಎರಚ್ಬುಟ್ರೆ ಕುರಿ ಎಲ್ಲಿ ಕೂರಿಸ್ತೀರಿ, ನಿಮ್ಮ ತಲೆ ಮ್ಯಾಲಾ?" ಅಂದೆ.

"ಕುರಿ ಮುಂದಿನ ವರ್ಷ ಕೂರ್ಸಾದು."

"ಹೋದ ವರ್ಷಾನೂ ಇದೇ ಅಂದ್ರಿ. ತೆನೆ ನೋಡಿದ್ರಲ್ಲ, ಅರ್ಧಕ್ಕರ್ಧ ಜೊಳ್ಳು. ನೆಲಕ್ಕೆ ಏನೂ ಉಣ್ಣಿಸ್ದೆ ಇನ್ನೆಷ್ಟು ವರ್ಷ ಹಾಲು ಕರೀತೀರಿ?"

ಕುರಿ ಕೂರಿಸುವುದು ಎಂದರೆ ಮಂದೆ ಹಾಕಿಸುವುದು. ಕುರಿಯವನು ತನ್ನ ಮಂದೆಯನ್ನು ತಂದು ನಾಲ್ಕೈದು ದಿನ ಗದ್ದೆಯಲ್ಲೇ ಬಿಡುತ್ತಾನೆ. ಹಿಕ್ಕೆಯೂ ಗಂಜಲವೂ ನೆಲಕ್ಕೆ ಇಳಿಯುತ್ತದೆ. ಆದರೆ ಅವನು ಬರಬೇಕಾದರೆ ಗದ್ದೆಯಲ್ಲಿ ಕಳೆ ನಿಂತಿರಬೇಕು. ಬರಿ ನೆಲಕ್ಕೆ ಯಾವ ಕುರಿಯವನೂ ಬರುವುದಿಲ್ಲ, ಕಾಳು ಬಿತ್ತಿದ ನೆಲಕ್ಕೆ ನಾವೇ ಕರೆಯುವುದಿಲ್ಲ. ಅದಕ್ಕೇ ಕಳೆ ಬರಲಿ ಎಂದೇ ನಾನು ಗದ್ದೆ ಬಿಡಿಸಿದ್ದು.

"ಆಯ್ತು ಬುಡು. ನಿನ್ನ ಗದ್ದೆ, ನಿನ್ನ ಕುರಿ," ಅಂದು ಹೆಗಲ ಮೇಲಿನ ಟವಲು ಕೊಡವಿ ಎದ್ದು ಹೋದರು.

ಮೈದುನನ ಹೆಂಡತಿ, ನನ್ನ ಓರಗಿತ್ತಿ, ಅವಳ ಗದ್ದೆಗೆ ಎರಡು ಸೇರು ಹೆಸರುಕಾಳು ಎರಚಿದಳು. ಅವಳಿಗೆ ಕುರಿಯ ಹಿಂದೆ ಓಡಾಡುವ ತಾಳ್ಮೆ ಇರಲಿಲ್ಲ. ಹಕ್ಕಿ ತಿಂದು, ಇರುವೆ ಹೊತ್ತು, ಉಳಿದದ್ದು ಅಲ್ಲೊಂದು ಇಲ್ಲೊಂದು ಮೊಳೆಯಿತು. ನೋಡುವುದಕ್ಕೆ ಅವಳ ಗದ್ದೆಗೂ ನನ್ನ ಗದ್ದೆಗೂ ಏನೂ ವ್ಯತ್ಯಾಸವಿರಲಿಲ್ಲ. ಅವಳ ಕಳೆಯ ನಡುವೆ ನಾಲ್ಕು ಹೆಸರುಗಿಡ ಇದ್ದವು, ನನ್ನದರಲ್ಲಿ ಇರಲಿಲ್ಲ.

ಆ ಹೊತ್ತಿಗೆ ಹೆದ್ದಾರಿ ಕಡೆಯಿಂದ ನೀಲಿ ತಗಡಿನ ಶೆಡ್ಡುಗಳು ಒಂದೊಂದೇ ಊರು ದಾಟಿ ನಮ್ಮ ಕಡೆಗೆ ಬರುತ್ತಿದ್ದವು. ನಮ್ಮೂರಿನಲ್ಲೂ ಕಾರ್ಖಾನೆಗಳಿಗೆ ಜಾಗ ಗುರುತು ಮಾಡುತ್ತಾರೆ ಎಂದು ಸುದ್ದಿ ಬಂತು. ಬೆಳೆ ಇರುವ ಗದ್ದೆ ಮುಟ್ಟುವುದಿಲ್ಲ, ಬೀಳು ಭೂಮಿ ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ಪಂಚಾಯಿತಿ ಮುಂದೆ ಕಾಗದ ಓದಿ ಹೇಳಿದರು. ನಾನೂ ನಿಂತು ಕೇಳಿದೆ. ಬೀಳು ಭೂಮಿ ಅಂದಾಗ ನನ್ನ ಕಣ್ಣಿಗೆ ಬಂದದ್ದು ಗುಡ್ಡದ ಮಗ್ಗುಲಲ್ಲಿ ಲಂಟಾನ ಹಬ್ಬಿ, ಬಂಡೆ ಎದ್ದು ನಿಂತ ಜಾಗ. ಅದು ಬೀಳು ಬಿದ್ದದ್ದು. ನನ್ನದು ಬೀಳು ಬಿಟ್ಟದ್ದು. ಬಿದ್ದದ್ದಕ್ಕೂ ಬಿಟ್ಟದ್ದಕ್ಕೂ ಇರುವ ದೂರ ನಮ್ಮೂರಿನ ದನ ಕಾಯುವವರಿಗೂ ಗೊತ್ತು. ಹೋಗಲಿ ಅವರಿಗೆ ಬೇಕಾದ್ದು ಎಂದು ಮನೆಗೆ ಬಂದೆ.

ಶಿವರಾತ್ರಿಗೆ ಇನ್ನೂ ಎರಡು ವಾರ ಇತ್ತು. ನಾನೂ ಓರಗಿತ್ತಿಯೂ ಗದ್ದೆಯಲ್ಲಿ ಸೊಪ್ಪು ಕೀಳುತ್ತಿದ್ದೆವು. ನಮ್ಮ ಮನೆಯವರು ಸೋಲೂರಿಗೆ ಹೋಗಿದ್ದರು. ಅಳತೆಯವರು ಇಬ್ಬರು ಬದುವಿನ ಮೇಲೆ ಬಂದರು. ಒಬ್ಬನ ಕೈಯಲ್ಲಿ ಟೇಪು, ಇನ್ನೊಬ್ಬನ ಕೈಯಲ್ಲಿ ಕಾಗದದ ರಟ್ಟು. ಬರೆದುಕೊಳ್ಳುವವನು ಮೊದಲು ಓರಗಿತ್ತಿಯನ್ನು ಕೇಳಿದ.

"ಏನು ಬೆಳೆ ಇದು?"

"ಹೆಸರು."

"ಹೆಸರು ಆಮೇಲೆ ಕೇಳ್ತೀನಿ ಕಣಮ್ಮ, ಮೊದಲು ಬೆಳೆ ಹೇಳಿ."

"ಅಯ್ಯೋ ನಿನ್ನ! ಬೆಳೆನೇ ಹೆಸರು ಕಣಪ್ಪ. ಹೆಸರುಕಾಳು. ನಿಮ್ಮವ್ವ ಒಂದಿನಾನೂ ಪಾಯಸ ಮಾಡಿಲ್ವಾ?"

ಟೇಪಿನವನು ಗೊಳ್ಳೆಂದು ನಕ್ಕ. ಬರೆಯುವವನ ಮುಖ ಕೆಂಪಾಯಿತು. "ಎಲ್ಲಿದೆ ಹೆಸರು, ಕಾಣ್ತಾನೇ ಇಲ್ಲ," ಅಂದ. ಓರಗಿತ್ತಿ ಬಗ್ಗಿ ಒಂದು ಗಿಡ ಕಿತ್ತು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಬರೆದುಕೊಂಡ. ಅವಳು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೀರೆಗೆ ಒರೆಸಿಕೊಂಡಳು.

"ನಿಮ್ಮದರಲ್ಲಿ ಏನಮ್ಮ?"

"ಏನೂ ಹಾಕಿಲ್ಲ ಕಣಪ್ಪ. ಬೀಳು ಬುಟ್ಟಿದೀವಿ. ಕುರಿ ಬತ್ತವೆ."

"ಹೆಬ್ಬೆಟ್ಟು ಕೊಡಿ."

"ಹೆಬ್ಬೆಟ್ಯಾಕೆ? ನಂಗೆ ಬರೆಯಕ್ ಬತ್ತದೆ."

ಅದು ನಿಜ. ಅದಕ್ಕೆ ಏಳೆಂಟು ವರ್ಷದ ಮುಂಚೆ ಶಾಲೆಯ ಜಗಲಿಯಲ್ಲಿ ದೊಡ್ಡವರಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಹೋಗಿ ಕಲಿತಿದ್ದೆ. ಹೆಸರು ಬರೆಯುವುದು, ಬಸ್ಸಿನ ಬೋರ್ಡು ಓದುವುದು. ಒತ್ತಕ್ಷರ ಮಾತ್ರ ಕೈಗೆ ಹತ್ತಿರಲಿಲ್ಲ. ಯಾವುದರ ಕೆಳಗೆ ಯಾವುದು ನೇತಾಡಬೇಕು ಎನ್ನುವುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಹಾಗಾದ್ರೆ ನೀವೇ ಬರೀರಿ," ಅಂದು ಅವನು ರಟ್ಟು ಕೊಟ್ಟ. "ಜಾಗದಲ್ಲಿ ಈಗ ಏನಿದೆ ಅಂತ ಈ ಚೌಕದಲ್ಲಿ. ಕೆಳಗೆ ರುಜು."

"ಬುಡ್ರಪ್ಪೋ ಜಾಗ, ನಮ್ಮಕ್ಕ ಮೇಷ್ಟ್ರಮ್ಮ ಆಗವ್ಳೆ," ಅಂದಳು ಓರಗಿತ್ತಿ.

ರಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಬೀಳು ಎಂದು ಬರೆದೆ. ಚೆನ್ನಾಗಿಯೇ ಬಂತು. ಬಿಟ್ಟಿದೆ ಎಂದು ಬರೆಯಬೇಕು. ಟ ಬರೆದು ಅದರ ಕೆಳಗೆ ಇನ್ನೊಂದು ಟ ನೇತುಹಾಕಬೇಕು. ಗುಡಿಸು ಎಲ್ಲಿ ಹಾಕಬೇಕು, ಮೇಲಿನದಕ್ಕೋ ಕೆಳಗಿನದಕ್ಕೋ? ಚೌಕವೂ ಚಿಕ್ಕದು. ಅವರಿಬ್ಬರೂ ನೋಡುತ್ತ ನಿಂತಿದ್ದರು. ತಪ್ಪು ಬರೆದು ನಗೆಪಾಟಲಾಗುವುದು ಬೇಡ ಅನ್ನಿಸಿತು. "ಇಷ್ಟೇ ಸಾಕಾ?" ಎಂದು ಕೇಳಿದೆ. "ಸಾಕು ಸಾಕು," ಅಂದ. ರುಜು ಹಾಕಿಕೊಟ್ಟೆ. ಅವನು ಓದಿ, ನನ್ನ ಮುಖ ಒಂದು ಸಲ ನೋಡಿ, ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಯಾಕೆ ನೋಡಿದ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ನೋಡಿರಬೇಕು ಅಂದುಕೊಂಡೆ.

ಶಿವರಾತ್ರಿ ಕಳೆದು ಕುರಿ ಬಂದವು. ನೂರಕ್ಕೂ ಮೇಲೆ ಇದ್ದವು. ಕುರಿಯವನು ನಮ್ಮ ಮಾವನ ಕಾಲದಿಂದ ಬರುತ್ತಿದ್ದ ಮುದುಕ. ಬದುವಿನ ಮೇಲೆ ನಿಂತು ಗದ್ದೆ ನೋಡಿ, "ಅವ್ವ, ಮೇವು ಚೆನ್ನಾಗಿ ಬುಟ್ಟಿದೀಯ. ಬೇರೆ ಕಡೆ ಎಲ್ಲಾ ಔಷಧಿ ಹೊಡೆದು ಸುಟ್ಟವ್ರೆ," ಅಂದ. ಐದು ದಿನ ಇದ್ದ. ನಮ್ಮ ಮನೆಯಿಂದಲೇ ಮುದ್ದೆ, ಸಾರು. ಹೋಗುವಾಗ ಎರಡು ಮೊರ ರಾಗಿ ಕೊಟ್ಟೆ. ಐದನೆಯ ದಿನ ನೋಡಿದರೆ ಗದ್ದೆ ಪೂರ್ತಿ ಕಪ್ಪಗೆ ಆಗಿತ್ತು. ಕಾಲಿಟ್ಟಲ್ಲೆಲ್ಲ ಹಿಕ್ಕೆ. ತೂಬಿನ ಮೂಲೆಯ ಕೆಸರಿನಲ್ಲಿ ಮಾತ್ರ ಒಂದೆಲಗವೂ ಹೊನಗೊನ್ನೆಯೂ ಉಳಿದಿದ್ದವು, ಕುರಿಗಳು ಅಲ್ಲಿಗೆ ಇಳಿದಿರಲಿಲ್ಲ. ಘಾಟುಗಿಡ ಇದ್ದ ಹಾಗೇ ಇತ್ತು.

"ಮೊದಲ್ನೇ ಮಳೆ ಬಿದ್ದೇಟ್ಗೆ ಉತ್ತುಬುಡು. ಈ ಸಲ ಭತ್ತ ತೂಕಕ್ಕೆ ಒರಗೋಯ್ತದೆ," ಅಂದ ಮುದುಕ. ಮಳೆಗಾಗಿ ಕಾಯುತ್ತ ಕುಳಿತೆವು.

ಮಳೆಗೆ ಮುಂಚೆ ಪಟ್ಟಿ ಬಂತು. ಪಂಚಾಯಿತಿ ಗೋಡೆಗೆ ಅಂಟಿಸಿದ್ದರು. ನಾನೇ ಹೋಗಿ ಬೆರಳಿಟ್ಟು ಓದಿದೆ. ಮೈದುನನ ಹೆಸರಿಗಾಗಿ ಎರಡು ಸಲ ಮೇಲಿನಿಂದ ಕೆಳಗೆ ಬಂದೆ, ಇರಲಿಲ್ಲ. ನಮ್ಮ ಮನೆಯವರ ಹೆಸರು ಇತ್ತು. ಹೆಸರಿನ ಮುಂದೆ, ಬೀಳು.

ಓದಲು ಬರದೆ ಇದ್ದಿದ್ದರೆ ಯಾರಾದರೂ ಹೇಳುವವರೆಗೆ ಒಂದು ದಿನವಾದರೂ ನೆಮ್ಮದಿಯಾಗಿ ಇರುತ್ತಿದ್ದೆ.

ಮಾರನೆಯ ವಾರ ನಾನೊಬ್ಬಳೇ ಎರಡು ಬಸ್ಸು ಬದಲಿಸಿ ಆ ಪಟ್ಟಿ ಮಾಡಿದ ಕಚೇರಿಗೆ ಹೋದೆ. ನಮ್ಮ ಮನೆಯವರು ಬರಲಿಲ್ಲ. "ಬರ್ದೋಳು ನೀನು, ಹೋಗಿ ಅಳಿಸ್ಕೊಂಡು ಬಾ," ಅಂದರು. ತೂಬಿನ ಮೂಲೆಯಿಂದ ಹೊನಗೊನ್ನೆ, ಒಂದೆಲಗ ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೆಗೆದುಕೊಂಡಿದ್ದೆ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಕರೆದರು. ಮೇಜಿನ ಹಿಂದೆ ಇದ್ದವರು ಕೆಟ್ಟವರಲ್ಲ. ಕೂತುಕೊಳ್ಳಿ ಅಂದರು. ಮೇಜಿನ ಮೇಲೆ ಕಟ್ಟು ಬಿಚ್ಚಿದೆ.

"ಇದೇನಮ್ಮ, ಸೊಪ್ಪು ಮಾರೋಕೆ ಬಂದ್ರಾ?"

"ನನ್ನ ಗದ್ದೆದು ಸ್ವಾಮಿ. ಬೀಳು ಭೂಮೀಲಿ ಹೊನಗೊನ್ನೆ ಬೆಳೀತದಾ? ಒಂದೆಲಗ ಬೆಳೀತದಾ? ನೀರು ನಿಂತ ನೆಲ ಅನ್ನಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಅವರು ಒಂದೆಲಗದ ಒಂದು ಎಲೆ ಕಿತ್ತು ಮೂಸಿ ನೋಡಿದರು. "ನಮ್ಮಮ್ಮ ಇದರ ಚಟ್ನಿ ಮಾಡ್ತಿದ್ರು," ಅಂದರು. ನನಗೆ ಧೈರ್ಯ ಬಂತು. ಆಮೇಲೆ ಕೇಳಿದರು, "ಇದನ್ನ ನೀವು ಬಿತ್ತಿದ್ರಾ?"

"ಇಲ್ಲ."

"ನೆಟ್ಟಿದ್ರಾ?"

"ಯಾರಾದ್ರೂ ಹೊನಗೊನ್ನೆ ನೆಡ್ತಾರಾ ಸ್ವಾಮಿ? ತಾನಾಗೇ ಬತ್ತದೆ."

"ತಾನಾಗೇ ಬಂದದ್ದು ಬಿಟ್ಟು ಬೇರೆ ಏನಿತ್ತು ಗದ್ದೇಲಿ?"

ಬೇರಿನಿಂದ ಮೇಜಿನ ಮೇಲೆ ಉದುರಿದ್ದ ಮಣ್ಣನ್ನು ಅಂಗೈಗೆ ಬಳಿದುಕೊಂಡೆ.

"ಅದಕ್ಕೇ ಅಮ್ಮ ಕಾಗದದಲ್ಲಿ ಬೀಳು ಅನ್ನೋದು."

ಕಡತದಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. "ಇದು ಯಾರ ಅಕ್ಷರ?"

"ನಂದೇ."

"ಬೇರೆಯವರದ್ದೆಲ್ಲ ನಮ್ಮೋರು ಬರೆದದ್ದು. ನಮ್ಮೋರದ್ದಾಗಿದ್ರೆ ತಪ್ಪಾಗಿದೆ ಅಂತ ತಿದ್ದಬಹುದಾಗಿತ್ತು. ಇದು ಮನೆಯವರೇ ಕೈಯಾರೆ ಬರೆದು ರುಜು ಹಾಕಿರೋದು. ಇದನ್ನ ನಾನು ಹೇಗೆ ತಿದ್ದಲಿ?"

"ಬಿಟ್ಟಿದೆ ಅಂತ ಒಂದು ಪದ ಸೇರಿಸ್ಬುಡ್ತೀನಿ. ಪೆನ್ನು ಕೊಡಿ. ಒತ್ತಕ್ಷರ ಬರಲ್ಲ ಅಂತ ಬುಟ್ಬುಟ್ಟೆ ಸ್ವಾಮಿ, ಅಷ್ಟೇ ಆಗಿರೋದು."

ಅವರು ಹಾಳೆಯ ಮೇಲೆ ಅಂಗೈ ಇಟ್ಟರು. ಗಟ್ಟಿಯಾಗಿ ಅಲ್ಲ, ಮಗು ಬೆಂಕಿ ಮುಟ್ಟದ ಹಾಗೆ ತಡೆಯುತ್ತೇವಲ್ಲ, ಹಾಗೆ. "ಈಗ ಸೇರಿಸೋ ಹಾಗಿಲ್ಲ. ತಕರಾರಿದ್ರೆ ಅರ್ಜಿ ಕೊಡಿ, ತಗೋತೀವಿ. ಆದರೆ ಕೊನೆಗೆ ಇದೇ ಹಾಳೆ ಮುಂದಿಡ್ತಾರೆ."

ಅರ್ಜಿಯನ್ನೂ ಕೊಟ್ಟೆ. ಅದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಿದೆ. ಹೊರಗೆ ಬಂದು ಸೊಪ್ಪಿನ ಕಟ್ಟನ್ನು ಬೀದಿಯ ಹಸುವಿಗೆ ಹಾಕಿದೆ. ಅದು ಹೊನಗೊನ್ನೆ ತಿಂದು ಒಂದೆಲಗ ಬಿಟ್ಟಿತು.

ಮುಂದಿನದು ಊರಿಗೆಲ್ಲ ಗೊತ್ತಿರುವುದೇ. ಅರ್ಜಿಗೆ ಉತ್ತರ ಬಂತು, ಅದೇ ಹಾಳೆ ಮುಂದಿಟ್ಟರು. ಗದ್ದೆಗೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ಎರಡು ಆಳು ಎತ್ತರ ಮಾಡಿದರು. ಮೇಲೆ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ಒಳಗೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಓರಗಿತ್ತಿಯ ಗದ್ದೆ ಉಳಿಯಿತು ಅಂದುಕೊಂಡೆವು. ಆದರೆ ನಮ್ಮ ಗದ್ದೆಯ ಮೇಲಿಂದಲೇ ಅವಳ ಗದ್ದೆಗೆ ನೀರು ಹೋಗಬೇಕಾಗಿತ್ತು. ಗೋಡೆ ಬಂದ ಮೇಲೆ ಕೆರೆಯ ನೀರು ಬರಲಿಲ್ಲ, ಬಂದ ಮಳೆ ನೀರಿಗೆ ಹೋಗುವ ದಾರಿ ಇರಲಿಲ್ಲ. ಎರಡು ವರ್ಷ ನಾಟಿ ಮಾಡಿ ಎರಡು ವರ್ಷವೂ ಕೊಳೆಯಿತು. ಮೂರನೆಯ ವರ್ಷ ಕೈಬಿಟ್ಟಳು. ಈಗ ಅಲ್ಲಿ ಆಳೆತ್ತರ ಆಪು ಹುಲ್ಲು ಬೆಳೆದು ಹಾವು ಸೇರಿಕೊಂಡಿವೆ. ಒಂದು ಎಲೆ ಸೊಪ್ಪು ಇಲ್ಲ. ಅದು ಯಾರೂ ಬರೆಯದೆಯೇ ಬೀಳಾಯಿತು. ನಾನು ಬರೆದೂ ಕಳೆದೆ, ಅವಳು ಬರೆಯದೆಯೂ ಕಳೆದಳು. ಹಾಗೆಂದು ನನಗೆ ಸಮಾಧಾನ ಆಗಿದೆ ಎಂದು ಯಾರೂ ತಿಳಿಯಬೇಡಿ. ಆಗಿಲ್ಲ. ನಾನು ಬರೆಯದಿದ್ದರೆ ಗೋಡೆ ಬೇರೆ ಕಡೆ ಏಳುತ್ತಿತ್ತು, ಎರಡೂ ಗದ್ದೆ ಇರುತ್ತಿದ್ದವು ಎಂದೇ ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಕಚೇರಿಯಿಂದ ಮನೆಗೆ ಬಂದ ದಿನದ ಮಾತು ಉಳಿದಿದೆ. ನಮ್ಮ ಮನೆಯವರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನನ್ನ ಮುಖ ನೋಡಿದರು, ಏನಾಯಿತು ಎಂದು ಕೇಳಲಿಲ್ಲ. ಹೊಸೆಯುತ್ತಲೇ ಹೇಳಿದರು, "ಹೆಬ್ಬೆಟ್ಟು ಒತ್ತಿದ್ರೆ ಗದ್ದೆ ಉಳೀತಿತ್ತು."

ಅದಕ್ಕಿಂತ ಜೋರಾಗಿ ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಅದೊಂದೇ ಮಾತು ಆಡಿದರು, ಮತ್ತೆ ಸಾಯುವವರೆಗೂ ಅದನ್ನು ಎತ್ತಲಿಲ್ಲ. ಓರಗಿತ್ತಿ ಬಂದು ಬಾಗಿಲಲ್ಲಿ ನಿಂತಳು. "ಅಕ್ಕ, ನನ್ನ ಹೆಸರುಕಾಳು ಕಾಲು ಸೇರೂ ಆಗ್ನಿಲ್ಲ ಕಣಕ್ಕ," ಅಂದಳು. ಅವಳಿಗೆ ಬೇರೆ ಏನು ಹೇಳಲು ಬರುತ್ತಿತ್ತು. "ಕಾಲು ಸೇರು ಬೇಡ ಕಣಮ್ಮಿ, ನಾಲ್ಕು ಗಿಡ ಸಾಕಿತ್ತು," ಅಂದು ಒಳಗೆ ಹೋಗಿ ಒಲೆ ಹಚ್ಚಿದೆ.

ಮಾರನೆಯ ಬೆಳಗ್ಗೆ ಎದ್ದು ಗುದ್ದಲಿ, ಮಂಕರಿ ತೆಗೆದುಕೊಂಡು ಗದ್ದೆಗೆ ಹೋದೆ. ಐದು ದಿನದ ಹಿಕ್ಕೆ ನೆಲದ ಮೇಲೆ ಹಾಗೇ ಇತ್ತು, ಮಳೆ ಬಿದ್ದಿರಲಿಲ್ಲ. ಒಂದು ಅಂಗುಲದಷ್ಟು ಮಣ್ಣನ್ನು ಕಳೆ ಬೇರಿನ ಸಮೇತ ಹೆರೆದು ಮಂಕರಿಗೆ ತುಂಬಿದೆ. ಓರಗಿತ್ತಿ ಬದುವಿನ ಮೇಲೆ ಬಂದು, "ಇದೇನಕ್ಕ, ಗದ್ದೆ ಕಳೆ ಬೀಜನೆಲ್ಲ ರಾಗಿ ಹೊಲಕ್ಕೆ ಹೊರ್ತಾ ಇದೀಯಲ್ಲ," ಅಂದಳು. "ಒಸಿ ಕೈ ಕೊಡು," ಅಂದೆ. ಅವಳು ಮಂಕರಿಗೆ ಕೈಕೊಟ್ಟು ನನ್ನ ತಲೆಗೆ ಏರಿಸಿದಳು. ಹೊಲದ ಕಡೆ ನಡೆದೆ, ಸುರಿದು ಮತ್ತೆ ಬಂದೆ, ಹೊತ್ತು ನೆತ್ತಿಗೆ ಬರುವವರೆಗೂ ಹೊತ್ತೆ.